ಛಾಯೆಯೂ ಪುದ್ಗಲ

ರಾಯಚೂರಿನಲ್ಲಿ ಲೋವರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗೆ ಸಿದ್ಧಳಾಗುತ್ತಿರುವ ಮೊಮ್ಮಗಳು ತಂಬಿಗೆಯೊಂದನ್ನು ಬರೆಯುತ್ತಿದ್ದಳು. ನೆರಳಿನ ಬದಿಯನ್ನು ಪೂರ್ಣ ಕಪ್ಪಾಗಿಸಬಾರದು, ಮೇಜಿನಿಂದ ಮರಳುವ ಬೆಳಕಿಗಾಗಿ ಅಂಚಿನಲ್ಲಿ ತೆಳುವಾದ ಎಡೆ ಬಿಡಬೇಕೆಂದು ಅವಳ ಗುರುಗಳ ಪಾಠ. "ನೆರಳೆಂದರೆ ಬೆಳಕು ಇಲ್ಲದಿರುವುದಷ್ಟೇ ಅಲ್ಲವೇ, ಅಜ್ಜಾ?" ಎಂದಳು. ನೈಯಾಯಿಕರು ಹಾಗೆಂದರು, ಕತ್ತಲೆ ಅವರಿಗೆ ತೇಜಸ್ಸಿನ ಅಭಾವ. ಉಮಾಸ್ವಾಮಿಗಳಾದರೋ ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಲ್ಲಿ ತಮಸ್ಸು, ಛಾಯೆ, ಆತಪ, ಉದ್ಯೋತಗಳನ್ನು ಒಂದೇ ಸೂತ್ರದಲ್ಲಿರಿಸಿ ಪುದ್ಗಲದ ಪರ್ಯಾಯಗಳೆಂದರು. ನೆರಳಿಗೂ ಇರವುಂಟು, ಆದುದರಿಂದಲೇ ಅದನ್ನು ಬರೆಯಬೇಕಾಗುತ್ತದೆ.

ಮಾನ್ವಿ, ದೇವದುರ್ಗಗಳ ಹತ್ತಿಯನ್ನು ಕೊಳ್ಳುವಾಗ ನಾವು ಮಾದರಿಯನ್ನು ನೇರ ಬಿಸಿಲಿನಲ್ಲಿ ಹಿಡಿಯುವುದಿಲ್ಲ. ನಸುಹಳದಿ ಅಲ್ಲಿ ಮರೆಯಾಗುತ್ತದೆ. ಬಡಗಣ ಬೆಳಕಿನ ನೆರಳಿನಲ್ಲಿ ನೋಡುತ್ತೇವೆ. ಮಾರುವಾಗ ಮಾತ್ರ ಅದನ್ನೇ ಬಿಸಿಲಿಗೊಯ್ಯುವವರೂ ಉಂಟು (ಚಾತುರ್ಯವೆಂದು ಅದಕ್ಕೆ ಹೆಸರು). ಅಚೌರ್ಯಾಣುವ್ರತದ ಅತಿಚಾರಗಳಲ್ಲಿ 'ಪ್ರತಿರೂಪಕ ವ್ಯವಹಾರ'ವೆಂದು ಓದಿದಾಗಲೆಲ್ಲ ನನಗೆ ಕಲಬೆರಕೆಗಿಂತ ಮೊದಲು ಆ ಬಿಸಿಲೇ ನೆನಪಾಗುತ್ತದೆ.