ಪಡಸಾಲೆಯ ಕಳ್ಳಿಕುಂಡಗಳೂ ಬಿಳಿಯ ಹುಳವೂ

ಶಾಲೆಯನ್ನು ಬಿಟ್ಟುಹೋದ ನಮ್ಮ ವಿದ್ಯಾರ್ಥಿನಿಯರು ಬರೆಯುವ ಕಾಗದಗಳಲ್ಲಿ ಉಪಾಧ್ಯಾಯಿನಿಯರ ಕ್ಷೇಮಸಮಾಚಾರದ ತರುವಾಯ ಪಡಸಾಲೆಯ ಕುಂಡಗಳ ಸಮಾಚಾರವನ್ನೂ ಕೇಳುವದು ವಾಡಿಕೆಯಾಗಿದೆ. ಅದು ಸಹಜವೇ. ಯಾಕಂದರೆ ಅಲ್ಲಿರುವ ಲೋಳಸರ, ಕತ್ತಾಳೆ, ಮುಳ್ಳುಕಳ್ಳಿ, ಕಾಡುಬಸಳೆ ಮೊದಲಾದವುಗಳಲ್ಲಿ ಬಹಳಷ್ಟು ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವಾಗ ಅವರೇ ಕೊಟ್ಟವುಗಳು. ಕೃಷ್ಣಾ ನದಿಯು ಹತ್ತಿರದಲ್ಲಿದ್ದರೂ ರಬಕವಿಯ ಬೇಸಿಗೆಯು ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳುಗಳ ರಜೆಯಲ್ಲಿ ನೀರು ಹಾಕುವವರಿಲ್ಲದೆ ಗುಲಾಬಿಯು ಒಣಗುವದು. ಕಳ್ಳಿಯಾದರೋ ಮೈಯಲ್ಲಿ ಕೂಡಿಸಿಟ್ಟ ನೀರಿನಿಂದ ಜೀವ ಹಿಡಿದಿರುವದು. ಬಿಸಿಲಿಗೆ ಅಂಜದ ಈ ಗಿಡಗಳನ್ನು ಕಳೆದ ಚಳಿಗಾಲದಲ್ಲಿ ಒಂದು ಹುಳವು ನಾಶದ ಅಂಚಿಗೆ ತಂದಿತು. ಆ ವೃತ್ತಾಂತವನ್ನು ಕುಂಡ ಕೊಟ್ಟವರಿಗೆ ತಿಳಿಸುವದು ನಮ್ಮ ಕರ್ತವ್ಯವಾಗಿದೆ.

ಮೊದಲು ಅದನ್ನು ಕಂಡವಳು ಎಂಟನೆಯ ತರಗತಿಯ, ನೇಕಾರರ ಮನೆಯ ಒಬ್ಬ ಹುಡುಗಿ. “ಅಕ್ಕಾವರ, ಗಿಡಕ್ಕ ಅರಳಿ ಹತ್ತೇತ್ರಿ” ಎಂದು ಓಡಿಬಂದಳು. ಮಗ್ಗದ ಮನೆಯ ಮಗುವಿಗೆ ಹಾಗೆ ತೋರಿದ್ದು ಸರಿಯೇ. ಲೋಳಸರದ ಎಲೆಗಳ ಬುಡದಲ್ಲಿ, ಕಣ್ಣಿಗೆ ಬೀಳದ ಸಂದಿಯಲ್ಲಿ, ಅರಳೆಯ ಚೂರುಗಳಂತೆ ಬೆಳ್ಳಗೆ ಅಂಟಿಕೊಂಡದ್ದು ಹಿಟ್ಟು ತಿಗಣೆ ಎಂಬ ಹುಳ. ಹೆಣ್ಣಿಗೆ ರೆಕ್ಕೆಗಳಿಲ್ಲ. ಸೂಜಿಯಂಥ ಬಾಯನ್ನು ಎಲೆಯೊಳಗೆ ಚುಚ್ಚಿ ರಸವನ್ನು ಹೀರುತ್ತ ಕೂಡ್ರುವದು, ಅರಳೆಯಂಥ ಚೀಲವನ್ನು ಮಾಡಿ ಅದರಲ್ಲಿ ನೂರಾರು ತತ್ತಿಗಳನ್ನಿಡುವದು. ಮೈಮೇಲಿನ ಬಿಳುಪು ಒಂದು ತರದ ಮೇಣ. ಈ ಮೇಣವಿರುವದರಿಂದಲೇ ಬರಿಯ ನೀರನ್ನು ಎಷ್ಟು ಚಿಮುಕಿಸಿದರೂ ಅದಕ್ಕೆ ತಾಕದೆ ಜಾರಿಹೋಗುವದು. ಹೊಸದಾಗಿ ಬಂದ ಒಂದು ಕುಂಡವನ್ನು ಮಕ್ಕಳು ಅಕ್ಕರೆಯಿಂದ ಸಾಲಿನ ನಡುವೆ ಇಟ್ಟಿದ್ದರು. ಹುಳವು ಎರಡೂ ಕಡೆಗೆ ಅಲ್ಲಿಂದಲೇ ಹಬ್ಬಿತ್ತು.

ಸುದ್ದಿಯು ಮನೆಮನೆಗೆ ಮುಟ್ಟಿತು. ಒಬ್ಬ ಪಾಲಕರು, ಕಬ್ಬು ಹತ್ತಿಗಳ ಬೇಸಾಯಗಾರರು, ಹೊಲಕ್ಕೆ ಹೊಡೆಯುವ ಔಷಧದ ಬಾಟಲಿಯನ್ನು ತಾವೇ ತಂದು, “ಅಕ್ಕಾವರ, ಒಮ್ಮೆ ಹೊಡದರ ಮುಗದ ಹೋತ್ರಿ, ಎಷ್ಟ ದಿನಾ ಒರಸ್ಕೋತ ಕೂಡ್ರತೀರಿ?” ಎಂದರು. ಅವರ ಮನಸ್ಸು ಒಳ್ಳೆಯದು, ಮಾತೂ ಒಂದು ಮಟ್ಟಿಗೆ ನಿಜ. ಆದರೂ ನಾವು ಕೈಮುಗಿದು ಬಾಟಲಿಯನ್ನು ಅವರೊಡನೆಯೇ ತಿರುಗಿ ಕಳುಹಿದೆವು. ಆ ಪಡಸಾಲೆಯಲ್ಲಿಯೇ ಮಕ್ಕಳು ಬುತ್ತಿಯನ್ನು ಬಿಚ್ಚುತ್ತಾರೆ. ಕುಂಡವನ್ನು ಮುಟ್ಟಿದ ಕೈ ರೊಟ್ಟಿಯನ್ನು ಮುರಿಯಲು ಎರಡು ನಿಮಿಷ ಬೇಕಿಲ್ಲ. 2013ನೆಯ ಇಸವಿಯ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯ ಮಕ್ಕಳು ಮಧ್ಯಾಹ್ನದ ಊಟ ಮಾಡಿದರು. ಅವರಲ್ಲಿ 23 ಮಂದಿ ಮಡಿದರು. ಮೊನೊಕ್ರೊಟೊಫಾಸ್ ಎಂಬ ಹೊಲದ ಕೀಟನಾಶಕವು ಅಡಿಗೆಯ ಎಣ್ಣೆಯಲ್ಲಿ ಇದ್ದದ್ದು ಪರೀಕ್ಷೆಯಿಂದ ತಿಳಿದುಬಂತು. ಅದನ್ನು ಓದಿದ ಮೇಲೆ ಅಂಥ ಬಾಟಲಿಯು ಯಾವ ಕಾರಣಕ್ಕಾಗಿಯೂ ಶಾಲೆಯ ಹೊಸ್ತಿಲನ್ನು ದಾಟಬಾರದೆಂದು ನಿಶ್ಚಯಿಸಿದ್ದೇವೆ. ಕುಂಡಗಳೆಲ್ಲ ಸತ್ತರೂ ಸಾಯಲಿ.

ಹಾಗೆ ಅಂದ ಮಾತ್ರಕ್ಕೆ ಸಾಯಗೊಡಿಸಲಿಲ್ಲ. ಮೊದಲನೆಯ ದಿನವೇ ಹುಳ ಹತ್ತಿದ ಕುಂಡಗಳನ್ನು ಬಾವಿಯ ಆಚೆಗಿನ ಕಟ್ಟೆಗೆ ಸಾಗಿಸಿದೆವು. ಗಾಯ ತೊಳೆಯುವ ಸ್ಪಿರಿಟ್ಟಿನಲ್ಲಿ ಅರಳೆಯನ್ನು ಅದ್ದಿ, ಕಡ್ಡಿಗೆ ಸುತ್ತಿ, ಒಂದೊಂದೇ ಹುಳವನ್ನು ಒರಸಿದೆವು. ಸ್ಪಿರಿಟ್ಟು ಮೇಣವನ್ನು ಕರಗಿಸುವದರಿಂದ ಹುಳವು ಕೂಡಲೇ ಕಂದಿಹೋಗುವದು. ಅದು ಬೆಂಕಿಗೆ ಬೇಗ ಹತ್ತುವ ವಸ್ತುವಾದ್ದರಿಂದ ಸೀಸೆಯು ಉಪಾಧ್ಯಾಯಿನಿಯರ ಕೈಯಲ್ಲಿಯೇ ಇರತಕ್ಕದ್ದು. ಎಲೆಯ ಮೇಲೆ ಹುಟ್ಟಿನಿಂದಲೇ ಬೂದಿಯಂಥ ಹುಡಿಯುಳ್ಳ ಕೆಲವು ಗಿಡಗಳುಂಟು. ಅವುಗಳನ್ನು ಹೀಗೆ ಒರಸಿದರೆ ಆ ಹುಡಿ ಅಳಿದು ಕಲೆಯಾಗುವದು, ಆದಕಾರಣ ಒಂದು ಎಲೆಯಲ್ಲಿ ಪರೀಕ್ಷಿಸಿ ನೋಡಬೇಕು. ಮುಳ್ಳುಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಬಹಳ ಉರಿ. ಅದನ್ನು ದೊಡ್ಡವರೇ ಮುಟ್ಟಬೇಕು. ಉಳಿದ ಗಿಡಗಳಿಗೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರಿನಷ್ಟು ಬೇವಿನ ಎಣ್ಣೆಯನ್ನು ತುಸು ಸೋಪಿನೊಡನೆ ಕಲಸಿ, ಹೊತ್ತು ಮುಳುಗಿದ ಮೇಲೆ ಚಿಮುಕಿಸಿದೆವು. ಹಗಲಿನಲ್ಲಿ ಹಾಗೆ ಮಾಡಿದರೆ ಎಲೆ ಬೇಯುವದು. ತತ್ತಿಗಳು ಒಂದೇ ಸಾರೆಗೆ ಸಾಯುವದಿಲ್ಲ, ಅದಕ್ಕೋಸ್ಕರ ವಾರಕ್ಕೊಮ್ಮೆ ಮೂರು ನಾಲ್ಕು ಸಾರೆ ಮಾಡಬೇಕಾಯಿತು. ಬೇಸರದ ಕೆಲಸವೇ ಹೌದು.

ಒಂದು ಲೋಳಸರವು ಮೇಲೆ ಸ್ವಚ್ಛವಾಗಿದ್ದರೂ ದಿನೇ ದಿನೇ ಬಾಡುತ್ತಿತ್ತು. ಕುಂಡದಿಂದ ಕಿತ್ತು ನೋಡಲು ಬೇರಿನ ತುಂಬ ಅದೇ ಬಿಳುಪು. ಇಂಥ ಗಿಡದ ಮಣ್ಣನ್ನು ಪೂರ್ತಿಯಾಗಿ ತೊಳೆದು, ಕೊಳೆತ ಬೇರುಗಳನ್ನು ಕತ್ತರಿಸಿ, ನಾಲ್ಕಾರು ದಿನ ನೆರಳಿನಲ್ಲಿ ಒಣಗಿಸಿ, ಉಸುಕು ಹೆಚ್ಚಾಗಿರುವ ಹೊಸ ಮಣ್ಣಿನಲ್ಲಿ ನೆಡಬೇಕು. ಕುಂಡವನ್ನು ಕುದಿಯುವ ನೀರಿನಿಂದ ತಿಕ್ಕಬೇಕು. ಇರುವೆಗಳ ಮೇಲೆಯೂ ಕಣ್ಣಿಡಬೇಕು. ತಿಗಣೆಯು ವಿಸರ್ಜಿಸುವ ಸಿಹಿಯಾದ ಅಂಟನ್ನು ತಿನ್ನುವದಕ್ಕಾಗಿ ಅವು ಬಂದು, ಅದರ ವೈರಿಗಳನ್ನು ಓಡಿಸಿ, ದನಗಳನ್ನು ಕಾಯುವಂತೆ ಅದನ್ನು ಕಾಯುತ್ತವೆ. ನಮ್ಮ ಅಜ್ಜಿಯರು ಅಡಿಗೆಯ ಕಪಾಟಿನ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಡುತ್ತಿದ್ದರಲ್ಲವೇ? ಕುಂಡದ ಮಣೆಗೂ ಅದೇ ಉಪಾಯವನ್ನು ಮಾಡಿದೆವು.

ಈ ನಡುವೆ ಹುಡುಗಿಯರು, ಹೊಲದ ಬದುವಿನ ಡಬ್ಬಗಳ್ಳಿಯ ಮೇಲೂ ಇದೇ ಹುಳವಿದೆಯೆಂದು ಒಂದು ತುಂಡನ್ನು ತಂದರು. ನಾವು ಅದನ್ನು ಬಾಗಿಲ ಹೊರಗೇ ನಿಲ್ಲಿಸಿ, ಒಂದನ್ನು ಕಡ್ಡಿಯಿಂದ ಅರೆಯಿರೆಂದೆವು. ಬಿಳಿಯ ಅರಳೆಯೊಳಗಿಂದ ಕೆಂಪು ಬಣ್ಣವು ಚಿಮ್ಮಲು ಎಲ್ಲರೂ ಬೆರಗಾದರು. ಇದು ತಿಗಣೆಯ ಬಂಧು, ಕಾಚಿನೀಲ್ ಎಂಬ ಬಣ್ಣದ ಹುಳ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬಣ್ಣದ ಆಸೆಯಿಂದ ಇದರ ಒಂದು ಜಾತಿಯನ್ನು ಬ್ರೆಜಿಲ್ ದೇಶದಿಂದ ಬಂಗಾಲಕ್ಕೆ ತಂದರು. ಬಣ್ಣವು ಕೀಳಾದದ್ದು, ಆದರೆ ಹುಳವು ಕಳ್ಳಿಯ ಪೊದೆಗಳನ್ನು ಮಾತ್ರ ತಿಂದು ಮುಗಿಸಿತು. ಅದನ್ನು ಕಂಡು 1836ರ ಸುಮಾರಿಗೆ ಕಳ್ಳಿಯನ್ನು ಕೊಲ್ಲುವದಕ್ಕಾಗಿಯೇ ದಕ್ಷಿಣಕ್ಕೆ ತಂದರು. ಬೇರೊಂದು ಜಾತಿಯ ಡಬ್ಬಗಳ್ಳಿಯು ಅದಕ್ಕೆ ಜಗ್ಗದಿರಲು, 1926ರಲ್ಲಿ ಸಿಂಹಳದಿಂದ ಮತ್ತೊಂದು ಕಾಚಿನೀಲ್ ಬಂದು, ಹೊಲಗಳನ್ನು ನುಂಗುತ್ತಿದ್ದ ಕಳ್ಳಿಯನ್ನು ಅಡಗಿಸಿತು. ಆಸ್ಟ್ರೇಲಿಯ ಖಂಡದಲ್ಲಿ ಇದೇ ಕೆಲಸ ಮಾಡಿದ ಒಂದು ಪತಂಗದ ಹೆಸರಿನಲ್ಲಿ ಬೂನಾರ್ಗಾ ಎಂಬ ಊರಿನ ಜನರು ಸಭಾಗೃಹವನ್ನೇ ಕಟ್ಟಿದ್ದಾರೆ. ಕಳ್ಳಿಯನ್ನು ಉಳಿಸಲು ಹೆಣಗುತ್ತಿದ್ದ ನಮ್ಮ ಹುಡುಗಿಯರಿಗೆ ಈ ಸಂಗತಿ ಕೊಂಚವೂ ರುಚಿಸಲಿಲ್ಲ! ಆ ನೇಕಾರರ ಮಗಳು ಮಾತ್ರ, ಈ ಕೆಂಪು ಸೀರೆಯ ನೂಲಿಗೆ ಹತ್ತುವದೋ ಎಂದು ಕೇಳಿದಳು. ಉಣ್ಣೆ ರೇಷ್ಮೆಗಳಿಗೆ ಚೆನ್ನಾಗಿ ಹತ್ತುವದು, ಹತ್ತಿಗೆ ಅಷ್ಟಾಗಿ ಇಲ್ಲ ಎಂದೆವು.

ಹಿಟ್ಟು ತಿಗಣೆಗೂ ಒಂದು ವೈರಿ ಉಂಟು. ಗುಲಗಂಜಿ ಹುಳದ ಜಾತಿಯ ಕ್ರಿಪ್ಟೊಲೀಮಸ್ ಎಂಬದನ್ನು 1898ರಲ್ಲಿ ಆಸ್ಟ್ರೇಲಿಯದಿಂದ ನಮ್ಮ ದೇಶಕ್ಕೆ ತಂದರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ದ್ರಾಕ್ಷಿಯ ತಿಗಣೆಗೆ ಇದನ್ನು ಉಪಯೋಗಿಸಿ ನೋಡಿದ್ದಾರೆ. ಇದರ ಮರಿಯೂ ಬಿಳಿಯ ಮೇಣವನ್ನು ಹೊದ್ದು ತಿಗಣೆಯಂತೆಯೇ ತೋರುವದು, ಆದರೆ ಗಾತ್ರದಲ್ಲಿ ದೊಡ್ಡದು, ಚುರುಕಾಗಿ ಓಡುವದು. ಓಡುವ ಬಿಳಿಯ ಹುಳವನ್ನು ಒರಸಬೇಡಿರಿ.

ಫೆಬ್ರುವರಿಯ ಹೊತ್ತಿಗೆ ಲೆಕ್ಕ ಹಾಕಿದಾಗ ಐದು ಕುಂಡಗಳು ಹೋಗಿದ್ದವು. ಅವುಗಳಲ್ಲಿ ಎರಡು, ಕೊಟ್ಟವರಿಗೆ ಕಾಗದ ಬರೆದು ತಿಳಿಸಬೇಕಾದಷ್ಟು ಹಳೆಯವು. ಬರೆದಿದ್ದೇವೆ. ಉಳಿದವು ಪಡಸಾಲೆಗೆ ಮರಳಿವೆ. ಈಗ ಹೊಸ ಕುಂಡ ಯಾವದು ಬಂದರೂ ಒಂದು ತಿಂಗಳು ಬಾವಿಯ ಕಟ್ಟೆಯಲ್ಲಿದ್ದೇ ಒಳಗೆ ಬರತಕ್ಕದ್ದು. ಈ ವರುಷ ಕೊಡುಗೆ ತರುವ ಹುಡುಗಿಯರೂ ಪಾಲಕರೂ ಇದಕ್ಕೆ ಬೇಸರ ಪಡಬಾರದಾಗಿ ಬೇಡುತ್ತೇವೆ. ಲೋಳಸರದ ಹದಿನಾಲ್ಕು ಮರಿಗಳು ಸಿದ್ಧವಾಗಿವೆ. ಬೇಕಾದ ಹಳೆಯ ವಿದ್ಯಾರ್ಥಿನಿಯರು ಮಳೆಗಾಲಕ್ಕೆ ಮುಂಚೆ ಬಂದು ಒಯ್ಯಬಹುದು, ಕುಂಡವನ್ನು ಮಾತ್ರ ಮನೆಯಿಂದ ತೊಳೆದು ತರಬೇಕು.