ಸುಂಕದವನ ಮುಂದೆ ಮಡಚುಚಾಕು

ನನ್ನ ಮಡಚುಚಾಕಿನ ಅಲಗು 3 ಇಂಚು. ಮಡಚಿದರೆ ಇಡೀ ಚಾಕು ಅಂಗೈಯಲ್ಲಿ ಅಡಗಿಬಿಡುತ್ತದೆ. ಕರ್ಶಾ ಕಂಪನಿಯ ಲೀಕ್ ಎಂಬ ಮಾದರಿ ಅದು. ಅಲಗಿನ ಬುಡದಲ್ಲಿ, ಹಿಡಿಯ ಬೆನ್ನಿನಿಂದಾಚೆಗೆ ಪುಟ್ಟ ಕೊಂಬೊಂದು ಚಾಚಿಕೊಂಡಿದೆ. ತೋರುಬೆರಳಿನಿಂದ ಅದನ್ನು ಮೆಲ್ಲಗೆ ಮುಟ್ಟಿದರೆ ಅಲಗು ಮಿಸುಕುವುದಿಲ್ಲ. ಹಿಡಿಯೊಳಗಿನ ತೆಳು ಉಕ್ಕಿನ ಕಂಬಿಯೊಂದು ಅದನ್ನು ಮುಚ್ಚಿಯೇ ಇಡಲು ಎಳೆಯುತ್ತಿರುತ್ತದೆ. ಬೆರಳು ಆ ಎಳೆತವನ್ನು ಮೀರಿ ಅಲಗನ್ನು ತುಸು ದೂರ ತಂದ ಮೇಲೆ ಅದೇ ಕಂಬಿ ಅಲಗನ್ನು ಹೊರಕ್ಕೆ ದೂಡುತ್ತದೆ. ಟಕ್ಕೆಂದು ತೆರೆದು ನಿಂತ ಅಲಗು ಮತ್ತೆ ಮಡಚಿ ಬೆರಳು ಕುಯ್ಯದಂತೆ ಹಿಡಿಯ ಭಾಗವೇ ಆದ ಒಂದು ಪಟ್ಟಿ ಅಡ್ಡ ಬಂದು ಬಿಗಿಯುತ್ತದೆ. ಮುಚ್ಚಿರುವಾಗ ತಾನಾಗಿ ತೆರೆಯದಿರಲೆಂದು ಮೊನೆಯ ಬಳಿ ಪುಟಾಣಿ ಚಿಲಕವೂ ಇದೆ.

ಈ ಏರ್ಪಾಡನ್ನು ಮನೆಮಾತು ಮಾಡಿದವರು ಹವಾಯಿಯ ಚಾಕು ಕುಶಲಕರ್ಮಿ ಕೆನ್ ಆನಿಯನ್. ಅವರ ‘ಸ್ಪೀಡ್‌ಸೇಫ್’ ತಂತ್ರ ಕರ್ಶಾ ಚಾಕುಗಳ ಮೂಲಕ 1990ರ ದಶಕದ ಕೊನೆಯಲ್ಲಿ ಜನರ ಕೈಗೆ ಬಂತು. ಕರ್ಶಾ 1974ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿದ ಕಂಪನಿ. ಈಗ ಅದರ ಒಡೆತನ ಜಪಾನಿನ ಸೆಕಿ ಎಂಬ ಊರಿನಲ್ಲಿ 1908ರಲ್ಲಿ ಶುರುವಾದ ಕೈ ಸಂಸ್ಥೆಯದು. ಸೆಕಿ ಶತಮಾನಗಳ ಹಿಂದೆ ಸಮುರಾಯ್ ಕತ್ತಿ ಬಡಿಯುತ್ತಿದ್ದ ಕಮ್ಮಾರರ ಊರು. ನಾನಿರುವ ಒರೆಗಾನ್ ಸೀಮೆಯೂ ಒಂದು ರೀತಿಯಲ್ಲಿ ಕಮ್ಮಾರಸಾಲೆಯೇ. ಕರ್ಶಾ, ಗರ್ಬರ್, ಲೆದರ್‌ಮನ್, ಬೆಂಚ್‌ಮೇಡ್ ಎಲ್ಲವೂ ಪೋರ್ಟ್‌ಲ್ಯಾಂಡಿನ ಸುತ್ತಮುತ್ತಲಿನವೇ. ಚಿಪ್ ಕಾರ್ಖಾನೆಯ ಕೆಲಸಕ್ಕೆಂದು ಇಲ್ಲಿಗೆ ಬಂದ ಕನ್ನಡಿಗರಲ್ಲಿ ಅನೇಕರಿಗೆ ಈ ಸಂಗತಿ ತಿಳಿಯುವುದು ಊರಿಗೆ ಏನು ಒಯ್ಯಬೇಕೆಂದು ಅಂಗಡಿ ಸುತ್ತುವಾಗ.

ನನಗೆ ಈ ಚಾಕು ಪ್ರಿಯವಾಗಿರುವುದು ಅದರ ವೇಗಕ್ಕಲ್ಲ. ಇನ್ನೊಂದು ಕೈ ಕೆಲಸದಲ್ಲಿದ್ದಾಗ ಅದು ಒಂಟಿ ಕೈಗೆ ಒದಗುತ್ತದೆ. ಹಿತ್ತಲಲ್ಲಿ ಟೊಮೆಟೊ ಗಿಡವನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಲ್ಲಿ ದಾರ ಕೊಯ್ಯುವಾಗ, ಎರಡೂ ಕೈ ಬೇಡುವ ಚಾಕು ಇದ್ದೂ ಇಲ್ಲದಂತೆ.

ಆದರೆ ಈ ಚಾಕು ಗಡಿ ದಾಟುವ ಮಾತು ಬಂದ ತಕ್ಷಣ ಎಲ್ಲ ಬದಲಾಗುತ್ತದೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎಂದು ನಮ್ಮಲ್ಲಿ ಗಾದೆಯಿದೆ. ಹೇಳಿಕೊಂಡು ಪ್ರಯೋಜನವಿಲ್ಲ ಎನ್ನುವುದು ಅದರ ತಾತ್ಪರ್ಯ. ಈ ಚಾಕಿನ ಚರಿತ್ರೆ ಓದುತ್ತ ಹೋದಂತೆ, ಗಾದೆ ಅರ್ಧ ದಾರಿಯಷ್ಟೇ ನಮ್ಮ ಜೊತೆ ಬರುತ್ತದೆ ಎಂದು ನನಗೆ ಮನದಟ್ಟಾಗಿದೆ.

1950ರ ದಶಕದಲ್ಲಿ ಅಮೆರಿಕೆಯ ಪತ್ರಿಕೆಗಳೂ ಸಿನಿಮಾಗಳೂ ಬಟನ್ ಚಾಕನ್ನು ಪುಂಡ ಹುಡುಗರ ಗುರುತಾಗಿಸಿದವು. ಆ ಭಯದ ನಡುವೆ 1958ರಲ್ಲಿ ಒಕ್ಕೂಟ ಸರ್ಕಾರದ ಸ್ವಿಚ್‌ಬ್ಲೇಡ್ ಕಾಯಿದೆ ಬಂತು. ಹಿಡಿಯಲ್ಲಿರುವ ಗುಂಡಿ ಒತ್ತಿದರೆ ತೆರೆಯುವ, ಇಲ್ಲವೇ ಭಾರದಿಂದ, ಕೈ ಝಾಡಿಸಿದ ರಭಸದಿಂದ ತಾನಾಗಿ ತೆರೆಯುವ ಚಾಕನ್ನು ರಾಜ್ಯದಿಂದ ರಾಜ್ಯಕ್ಕೆ ಮಾರಾಟಕ್ಕೆ ಸಾಗಿಸಿದರೆ 2,000 ಡಾಲರ್ ವರೆಗೆ ದಂಡ, 5 ವರ್ಷದವರೆಗೆ ಸೆರೆ. ಅಷ್ಟು ಕಠಿಣವಾದ ಕಾಯಿದೆಯಲ್ಲೂ ಒಂದು ವಿನಾಯಿತಿ ನನ್ನ ಮನಸ್ಸು ತಟ್ಟಿತು. ಒಂದೇ ಕೈಯಿರುವ ವ್ಯಕ್ತಿ 3 ಇಂಚಿನವರೆಗಿನ ಅಲಗಿನ ಇಂಥ ಚಾಕನ್ನು ತನ್ನೊಂದಿಗೆ ಇಟ್ಟುಕೊಳ್ಳಬಹುದು. ಒಂಟಿ ಕೈಯ ಕಷ್ಟ ಆ ಕಾಯಿದೆ ಬರೆದವರಿಗೆ ತಿಳಿದಿತ್ತು.

ನನ್ನದರಂಥ ಚಾಕು ಹೊರದೇಶದಿಂದ ಬಂದಾಗ ಕಸ್ಟಮ್ಸ್ ಇಲಾಖೆ ಅದನ್ನು ಬಟನ್ ಚಾಕಿನ ಸಾಲಿಗೆ ಸೇರಿಸದೆ ಒಳಗೆ ಬಿಟ್ಟಿತ್ತು. 2009ರ ಮೇ ತಿಂಗಳಲ್ಲಿ ಅದೇ ಇಲಾಖೆ ತನ್ನ ಹಳೆಯ ನಿರ್ಣಯಗಳನ್ನು ಹಿಂತೆಗೆದುಕೊಳ್ಳುವ ಪ್ರಸ್ತಾವ ಹೊರಡಿಸಿ, ಅಭಿಪ್ರಾಯ ಹೇಳಲು 30 ದಿನ ಕೊಟ್ಟಿತು. ಪ್ರಸ್ತಾವದ ತರ್ಕ ಎಳೆದರೆ, ಹೆಬ್ಬೆರಳಿನಿಂದ ತೆರೆಯುವ ಸಾಮಾನ್ಯ ಚಾಕೂ ಕೈ ಝಾಡಿಸಿದರೆ ತೆರೆಯುತ್ತದೆಂಬ ಕಾರಣಕ್ಕೆ ಆಯುಧವಾಗುವ ಹಾಗಿತ್ತು. ಬಡಗಿಗಳು, ರೈತರು, ಬೇಟೆಗಾರರು, ಚಾಕು ತಯಾರಕರು ಸಾವಿರಾರು ಪತ್ರ ಬರೆದರು. ಅಕ್ಟೋಬರ್ 28ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯಿದೆಯಲ್ಲಿ 1958ರ ಶಾಸನಕ್ಕೆ ಹೊಸ ವಿನಾಯಿತಿ ಸೇರಿತ್ತು. ಅಲಗನ್ನು ಮುಚ್ಚಿಡುವತ್ತ ಎಳೆಯುವ ಸ್ಪ್ರಿಂಗೋ ಬೇರೆ ಸಾಧನವೋ ಇದ್ದು, ಆ ಎಳೆತವನ್ನು ಮೀರಲು ಮನುಷ್ಯ ಅಲಗಿನ ಮೇಲೆಯೇ ಬಲ ಹಾಕಬೇಕಾದರೆ ಅದು ಈ ನಿಷೇಧಕ್ಕೆ ಒಳಪಡುವುದಿಲ್ಲ.

ಈ ವಿನಾಯಿತಿಯನ್ನು ನಾನು ಮೆಚ್ಚುತ್ತೇನೆ. ಚಾಕನ್ನು ಮೇಜಿನ ಮೇಲಿಟ್ಟು, ತೆರೆದು, ಮುಚ್ಚಿ, ಅದರ ಒಳಗನ್ನು ಅರಿತು ಬರೆದ ವಾಕ್ಯ ಅದು. ತನ್ನಷ್ಟಕ್ಕೆ ಬಿಟ್ಟಾಗ ಈ ವಸ್ತು ಯಾವ ಕಡೆ ವಾಲುತ್ತದೆ ಎಂದು ಕೇಳುತ್ತದೆ. ಮುಚ್ಚಿಕೊಂಡಿರುವುದೇ ಅದರ ಸ್ವಭಾವವಾಗಿದ್ದು, ತೆರೆಯಲು ಮನುಷ್ಯನ ಪ್ರಯತ್ನ ಬೇಕಾದರೆ ಅದು ಉಪಕರಣ. ಈ ವಿಂಗಡಣೆಯಲ್ಲಿ ನ್ಯಾಯವಿದೆ.

ಆದರೂ ಅದು ಒಂದು ಸರ್ಕಾರದ ಮಾತು ಅಷ್ಟೇ. ಇದೇ ಒರೆಗಾನ್ ರಾಜ್ಯದ ಕಾಯಿದೆ ಸ್ಪ್ರಿಂಗಿನ ಬಲದಿಂದ ಹೊರಬರುವ ಅಲಗಿನ ಚಾಕನ್ನು ಮರೆಮಾಡಿ ಒಯ್ಯುವುದನ್ನು ಅಪರಾಧವೆನ್ನುತ್ತದೆ. ಹಾಗಾಗಿ ನನ್ನ ಚಾಕು ಮನೆ, ಹಿತ್ತಲು ಬಿಟ್ಟು ಹೊರಡುವುದಿಲ್ಲ. ಉತ್ತರಕ್ಕೆ ಕಾರಿನಲ್ಲಿ ಹೊರಟರೆ ಕೆನಡಾ ಗಡಿ. ಅಲ್ಲಿನ ದಂಡ ಸಂಹಿತೆಯ ಪ್ರಕಾರ ಭಾರದಿಂದಲೋ ಕೈ ಬೀಸಿದ ರಭಸದಿಂದಲೋ ಹಿಡಿಯಲ್ಲಿನ ಗುಂಡಿಯಿಂದಲೋ ತೆರೆಯುವ ಚಾಕು ನಿಷಿದ್ಧ ಆಯುಧ. ಬ್ರಿಟನ್ ಇನ್ನೂ ಮುಂದೆ ಹೋಯಿತು. ಅಲ್ಲಿನ 1959ರ ಕಾಯಿದೆಯ ವ್ಯಾಖ್ಯೆಯನ್ನು 2019ರಲ್ಲಿ ತಿದ್ದಿ, ಅರ್ಧ ತೆರೆದ ಸ್ಥಿತಿಯಿಂದ ಸ್ಪ್ರಿಂಗಿನಿಂದ ಪೂರ್ತಿ ತೆರೆಯುವ ಚಾಕನ್ನೂ ಸೇರಿಸಿದರು. 2021ರ ಜುಲೈ 14ರಿಂದ ಅಂಥದ್ದನ್ನು ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ. ಮೊದಲೇ ಕೊಂಡಿದ್ದವರು ಒಪ್ಪಿಸಿ ಪರಿಹಾರ ಪಡೆಯಲು ಅವಕಾಶ ಕೊಟ್ಟಿದ್ದರು. ಲಂಡನ್ನಿನಲ್ಲಿರುವ ಅಕ್ಕನ ಮನೆಗೆ ಹೋಗುವಾಗ ಈ ಚಾಕನ್ನು ಒಯ್ಯುವ ಯೋಚನೆಯನ್ನೂ ನಾನು ಮಾಡುವುದಿಲ್ಲ. ಇರಿತಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಊರಿನ ದುಃಖ ಆ ಕಾಯಿದೆಯ ಹಿಂದಿದೆ. ಅತಿಥಿಯಾದವನು ಅದನ್ನು ಗೌರವಿಸಬೇಕು.

ಭಾರತಕ್ಕೆ ಒಯ್ಯುವ ಪ್ರಶ್ನೆ ತಮ್ಮನಿಂದ ಬಂತು. ಅವನು ಶಿರಸಿ ಕಡೆ ಅಡಿಕೆ ತೋಟ ನೋಡಿಕೊಂಡಿದ್ದಾನೆ. ವೀಡಿಯೊ ಕರೆಯಲ್ಲಿ ನನ್ನ ಚಾಕು ಕಂಡವನೇ, “ಅಣ್ಣಾ, ಮೆಣಸಿನ ಬಳ್ಳಿ ಕಟ್ಟುವಾಗ ಒಂದು ಕೈ ಏಣಿ ಮೇಲೇ ಇರ್ತದೆ. ಬರುವಾಗ ಇಂಥದ್ದೊಂದು ತಗೊಂಡು ಬಾ” ಎಂದ. ಕೇಳಿದ್ದು ನ್ಯಾಯವಾಗಿತ್ತು. ನಾನು 1959ರ ಆಯುಧ ಕಾಯಿದೆಯನ್ನು ಓದಲು ಕೂತೆ. ದಾಳಿಗೋ ರಕ್ಷಣೆಗೋ ರೂಪಿಸಿದ ವಸ್ತುವನ್ನು ಅದು ಆಯುಧವೆನ್ನುತ್ತದೆ. ಆಯುಧ ಆಮದಿಗೆ ಪರವಾನಗಿ ಬೇಕು. ಕೇವಲ ಮನೆಬಳಕೆಗೆ, ಕೃಷಿಗೆಂದು ರೂಪಿಸಿದ್ದನ್ನು ಹೊರಗಿಡುತ್ತದೆ. ನನ್ನ ವಿಮಾನ ದೆಹಲಿಯ ಮೂಲಕ ಹೋಗುವುದಿತ್ತು. ಅಲ್ಲಿನ 1980ರ ಅಧಿಸೂಚನೆಯೊಂದು ಸ್ಪ್ರಿಂಗ್, ಬಟನ್ ಮೊದಲಾದ ಯಾಂತ್ರಿಕ ಸಾಧನದಿಂದ ತೆರೆಯುವ ಚಾಕುಗಳನ್ನು ನಿರ್ಬಂಧಿತವೆಂದು ಅಳತೆ ಸಮೇತ ಹೆಸರಿಸುತ್ತದೆ: ಉದ್ದ 7.62 ಸೆಂಟಿಮೀಟರ್, ಅಗಲ 1.72 ಸೆಂಟಿಮೀಟರ್ ಅಥವಾ ಹೆಚ್ಚು. 7.62 ಸೆಂಟಿಮೀಟರ್ ಎಂದರೆ ಸರಿಯಾಗಿ 3 ಇಂಚು. ಮುಚ್ಚುವತ್ತ ವಾಲುವ ಸ್ಪ್ರಿಂಗು, ತೆರೆಯುವತ್ತ ವಾಲುವ ಸ್ಪ್ರಿಂಗು ಎಂಬ ಭೇದ ಆ ಸಾಲುಗಳಲ್ಲಿ ಇಲ್ಲ.

ತಮ್ಮನಿಗೆ ಬೇಕಿದ್ದದ್ದು ಒಂಟಿ ಕೈಯಲ್ಲಿ ಒದಗುವ ಚಾಕು. ಸ್ಪ್ರಿಂಗ್ ಬೇಕೆಂದು ಅವನು ಕೇಳಿರಲಿಲ್ಲ. ಸೊಂಟಕ್ಕೆ ಕಟ್ಟುವ ಒರೆಯಿರುವ, ಗಿಡ್ಡ ಅಲಗಿನ ತೋಟಗಾರಿಕೆ ಚಾಕನ್ನು ಕೊಂಡೆ. ಒರೆಯಿಂದ ಒಂದೇ ಕೈಯಲ್ಲಿ ಎಳೆದರಾಯಿತು, ಬಿಚ್ಚುವ ಮಾತೇ ಇಲ್ಲ. ತೋಟದ ಕೆಲಸದ್ದೆಂದು ಬರೆದಿರುವ ಡಬ್ಬಿ, ಅಂಗಡಿಯ ರಸೀದಿ ಸಮೇತ ಅದನ್ನು ಚೆಕ್‌ಇನ್ ಪೆಟ್ಟಿಗೆಯಲ್ಲಿಟ್ಟು ಒಯ್ದೆ. ಏಣಿಯ ಮೇಲೆ ಅವನಿಗೆ ಅದು ಚೆನ್ನಾಗಿ ಒಗ್ಗಿದೆ.

ಚಾಕು ಇಟ್ಟುಕೊಳ್ಳುವವನು ಅಲಗಿಗೆ ಎಣ್ಣೆ ಹಚ್ಚಿ, ಮೊನೆ ಮಸೆದರೆ ಸಾಲದು. ಅದು ಹೇಗೆ ತೆರೆಯುತ್ತದೆ, ಎಲ್ಲಿಯವರೆಗೆ ಹೋಗಬಹುದು ಎರಡನ್ನೂ ಅರಿತಿರಬೇಕು. ಸುಂಕದ ಕಟ್ಟೆಯಲ್ಲಿ ನಿಂತ ಅಧಿಕಾರಿ ನಮ್ಮ ಸುಖದುಃಖ ಕೇಳಲಾರ, ಕೇಳಲೂಬಾರದು. ಕೇಳತೊಡಗಿದರೆ ಮುಖ ನೋಡಿ ನ್ಯಾಯ ಬದಲಾದೀತು. ಅಷ್ಟರಮಟ್ಟಿಗೆ ಗಾದೆ ಸರಿ. ಅವನ ಕೈಯಲ್ಲಿರುವ ನಿಯಮ ಬರೆಯುವಾಗ ಮಾತ್ರ ಕೇಳುವವರು ಇರುತ್ತಾರೆ. ವಸ್ತುವನ್ನು ದಿನವೂ ಬಳಸುವವರು ಆ 30 ದಿನಗಳಲ್ಲಿ ಬಾಯಿ ತೆರೆದದ್ದರಿಂದಲೇ 2009ರ ಆ ಪ್ರಸ್ತಾವ ನಿಂತಿತು. ದೆಹಲಿಯಲ್ಲೂ ಲಂಡನ್ನಿನಲ್ಲೂ ಮುಂದೆ ನಿಯಮ ತಿದ್ದುವ ದಿನ ಬಂದಾಗ, ಏಣಿಯ ಮೇಲೆ ನಿಂತು ಒಂಟಿ ಕೈಯಲ್ಲಿ ದುಡಿಯುವವನು ತನ್ನ ಕಷ್ಟವನ್ನು ಅಲ್ಲಿಗೆ ಬರೆದು ತಿಳಿಸಬೇಕು ಎಂಬುದು ನನ್ನ ಆಸೆ.