ಎರಡನೇ ಸರದಿ

ಜೂನ್ ಕೊನೆಗೆ ಒಂದು ದಿನ ಬೆಳಗಿನ ಜಾವ ನನ್ನ ಫೋನ್ ಹೊಡೆದುಕೊಂಡರೆ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಎನ್‌ಬಿಎ ಡ್ರಾಫ್ಟ್ ಶುರುವಾಗಿದೆ, ಅಮೆರಿಕದಿಂದ ತಮ್ಮ ಮಾತಾಡುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತು. ಅವನಿರುವುದು ಪೋರ್ಟ್‌ಲ್ಯಾಂಡಿನ ಮಗ್ಗುಲಲ್ಲಿರುವ ಹಿಲ್ಸ್‌ಬರೋದಲ್ಲಿ. ಅಲ್ಲಿನ ಟ್ರೇಲ್ ಬ್ಲೇಜರ್ಸ್ ತಂಡವನ್ನು ಅವನು ತುಂಬ ಹಚ್ಚಿಕೊಂಡಿದ್ದಾನೆ.

2023ರಲ್ಲಿ ಆ ತಂಡ ಮೂರನೇ ಆಯ್ಕೆಯಲ್ಲಿ ಚೆಂಡು ಮುನ್ನಡೆಸುವ ಗಾರ್ಡ್ ಸ್ಕೂಟ್ ಹೆಂಡರ್ಸನ್‌ನನ್ನು ತೆಗೆದುಕೊಂಡಾಗ ತಮ್ಮನ ಧ್ವನಿ ಏರಿತ್ತು. "ಅಣ್ಣಾ, ಮತ್ತೆ ಗಾರ್ಡೇ! ಲಿಲ್ಲರ್ಡ್ ಇದಾನೆ, ಸೈಮನ್ಸ್ ಇದಾನೆ, ಶಾರ್ಪ್ ಇದಾನೆ. ನಾಲ್ಕನೆಯವನನ್ನ ಎಲ್ಲಿ ನಿಲ್ಲಿಸ್ತಾರೆ?"

"ಅವನ ವಯಸ್ಸೆಷ್ಟೋ?" ಎಂದೆ.

"ಹತ್ತೊಂಬತ್ತು."

ನಮ್ಮ ಜಗಳವೆಲ್ಲ ಈ ಹತ್ತೊಂಬತ್ತರ ಸುತ್ತಲೇ. ಶೇಡನ್ ಶಾರ್ಪ್‌ನನ್ನು ಅದರ ಹಿಂದಿನ ವರ್ಷ ಏಳನೆಯವನಾಗಿ ಆರಿಸಿದಾಗ ಅವನಿಗೂ ಅಷ್ಟೇ ವಯಸ್ಸು. ಕೆಂಟಕಿ ವಿಶ್ವವಿದ್ಯಾಲಯಕ್ಕೆ ಸೇರಿದ್ದರೂ ಅದರ ಪರ ಒಂದೂ ಪಂದ್ಯ ಆಡಿರಲಿಲ್ಲ. ಇಂಥ ಹುಡುಗ ತಂಡಕ್ಕೆ ಹೊಂದುತ್ತಾನೋ ಇಲ್ಲವೋ ಎಂದು ಈಗಿರುವವರ ಪಕ್ಕ ನಿಲ್ಲಿಸಿ ಅಳೆಯುವುದು ನನಗೆ ಒಪ್ಪುವುದಿಲ್ಲ. ನಮ್ಮಿಬ್ಬರ ಶಾಲೆಯ ಚಡ್ಡಿ ಹೊಲಿಸುವಾಗ ಅಮ್ಮ ದರ್ಜಿಗೆ ಹೇಳುತ್ತಿದ್ದಳು: ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿ, ಬೆಳೆಯೋ ಹುಡುಗರು.

ತಮ್ಮನ ವಾದದಲ್ಲಿ ಹುರುಳಿಲ್ಲವೆಂದಲ್ಲ. ಡೇಮಿಯನ್ ಲಿಲ್ಲರ್ಡ್ ಮತ್ತು ಸಿ.ಜೆ. ಮೆಕಾಲಂ, ಆರಡಿ ಎರಡು ಮೂರು ಅಂಗುಲದ ಇಬ್ಬರು, ವರ್ಷಗಟ್ಟಲೆ ಪಕ್ಕಪಕ್ಕ ಆಡಿದ್ದನ್ನು ಅವನು ಕಣ್ಣಾರೆ ಕಂಡವನು. ಚೆಂಡು ಕೈಯಲ್ಲಿದ್ದಾಗ ಇಬ್ಬರೂ ಅದ್ಭುತ. ಎದುರಾಳಿಯ ಎತ್ತರದ ಶೂಟಿಂಗ್ ಗಾರ್ಡ್ ಅವರ ತಲೆಯ ಮೇಲಿಂದ ಆರಾಮಾಗಿ ಚೆಂಡೆಸೆಯುವಾಗ ಮಾತ್ರ ತಡೆಯುವ ದಾರಿಯಿರಲಿಲ್ಲ.

ಜಗಳ ಕಾವೇರಿದಾಗ ಇಬ್ಬರೂ 1984ಕ್ಕೆ ಹೋಗುತ್ತೇವೆ. ಪೋರ್ಟ್‌ಲ್ಯಾಂಡಿನಲ್ಲಿ ಅದನ್ನು ತಪ್ಪಿಸಿಕೊಂಡು ಯಾರೂ ಡ್ರಾಫ್ಟ್ ಬಗ್ಗೆ ಮಾತಾಡಲಾರರು. ಮೊದಲ ಆಯ್ಕೆ ಯಾರಿಗೆಂದು ನಾಣ್ಯ ಚಿಮ್ಮಿದಾಗ ಹ್ಯೂಸ್ಟನ್ ಗೆದ್ದಿತು, ಒಲಾಜುವಾನ್‌ನನ್ನು ಒಯ್ದಿತು. ಎರಡನೇ ಸರದಿ ಪೋರ್ಟ್‌ಲ್ಯಾಂಡಿನದು. ಬುಟ್ಟಿಯ ಬಳಿ ಆಡುವ ಎತ್ತರದ ಸೆಂಟರ್ ಬೇಕೆಂದು ಸ್ಯಾಮ್ ಬೋವಿಯನ್ನು ಆರಿಸಿದರು. ಮೂರನೆಯದರಲ್ಲಿ ಶಿಕಾಗೋಗೆ ಸಿಕ್ಕವನು ಮೈಕೆಲ್ ಜೋರ್ಡನ್.

ಜೋರ್ಡನ್ ಆಡುವ ಜಾಗಕ್ಕೆ ಆಗಲೇ ಕ್ಲೈಡ್ ಡ್ರೆಕ್ಸ್‌ಲರ್ ಇದ್ದನಲ್ಲ, ಅದಕ್ಕೇ ಜೋರ್ಡನ್ ಬೇಡವಾದ ಎಂದು ಎಲ್ಲರೂ ಹೇಳಿಬಿಡುತ್ತಾರೆ. ಆದರೆ ಆಗ ಡ್ರೆಕ್ಸ್‌ಲರ್ ಇನ್ನೂ ಯಾರು? ಹಿಂದಿನ ವರ್ಷ 14ನೆಯವನಾಗಿ ಬಂದ ಹುಡುಗ, ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 7.7 ಅಂಕ. ತಂಡದ ನಿಜವಾದ ಶೂಟಿಂಗ್ ಗಾರ್ಡ್, ಆಲ್‌ಸ್ಟಾರ್ ಆಟಗಾರ, ಜಿಮ್ ಪ್ಯಾಕ್ಸನ್. ಡ್ರೆಕ್ಸ್‌ಲರ್ ಮೇಲೆ ಇಟ್ಟದ್ದು ಬರಿಯ ನಂಬಿಕೆ. ಆ ನಂಬಿಕೆ ಸುಳ್ಳಾಗಲಿಲ್ಲ. ಪೋರ್ಟ್‌ಲ್ಯಾಂಡನ್ನು ಅವನು 1990 ಮತ್ತು 1992ರಲ್ಲಿ ಫೈನಲ್‌ಗೆ ಕರೆದೊಯ್ದ. ಎರಡನೇ ಸಲ ಎದುರಿಗೆ ನಿಂತವನು ಜೋರ್ಡನ್ನೇ. ಮೊದಲ ಪಂದ್ಯದ ಮೊದಲರ್ಧದಲ್ಲೇ 35 ಅಂಕ ಗಳಿಸಿದ.

ಬೋವಿಯನ್ನು ನೆನೆದರೆ ನನಗೆ ಸಂಕಟವೇ ಆಗುತ್ತದೆ. ಮೊಣಕಾಲಿನ ಕೆಳಗಿನ ಎಲುಬು ಮುರಿದು ಕಾಲೇಜಿನ ಎರಡು ಋತುಗಳನ್ನು ಕಳೆದುಕೊಂಡಿದ್ದವನು. ಪೋರ್ಟ್‌ಲ್ಯಾಂಡಿನಲ್ಲಿ ಮೊದಲ ವರ್ಷ 76 ಪಂದ್ಯ ಆಡಿದ. ಆಮೇಲೆ ಮತ್ತೆ ಎಲುಬು ಕೈಕೊಟ್ಟಿತು. ಪೋರ್ಟ್‌ಲ್ಯಾಂಡಿನ ಐದು ಋತುಗಳಲ್ಲಿ ಒಟ್ಟು 139. ಅವನ ಹೆಸರನ್ನು ನಗೆಗೆ ಬಳಸುವವರೊಡನೆ ನಾನು ಮಾತು ಮುಂದುವರಿಸುವುದಿಲ್ಲ. ತಪ್ಪು ಅವನದಲ್ಲ, ಒಂದು ಜಾಗ ಖಾಲಿಯಿದೆ ಎಂಬುದನ್ನೇ ನೋಡಿದವರದು.

2011ರಲ್ಲಿ ಗೋಲ್ಡನ್ ಸ್ಟೇಟ್ ತಂಡದಲ್ಲೂ ಗಾರ್ಡ್‌ಗಳ ಜಾಗ ಹೀಗೇ ತುಂಬಿತ್ತು. ಸ್ಟೆಫ್ ಕರಿ, ಮೊಂಟಾ ಎಲಿಸ್ ಇಬ್ಬರೂ ಗಾರ್ಡ್‌ಗಳು. ಆದರೂ 11ನೆಯವನಾಗಿ ಕ್ಲೇ ಥಾಂಪ್ಸನ್ ಎಂಬ ಶೂಟಿಂಗ್ ಗಾರ್ಡನ್ನೇ ತೆಗೆದುಕೊಂಡರು. ಮರು ಮಾರ್ಚ್‌ನಲ್ಲಿ ಎಲಿಸ್‌ನನ್ನು ಮಿಲ್ವಾಕಿಗೆ ಕಳಿಸಿ, ಸೆಂಟರ್ ಆಗಿ ಆಂಡ್ರ್ಯೂ ಬೋಗಟ್‌ನನ್ನು ತಂದರು. ಹುಡುಗ ಮೊದಲು ಬಂದ, ಜಾಗ ಆಮೇಲೆ ಆಯಿತು. ಕರಿಯ ಪಕ್ಕಕ್ಕೆ ಆರಡಿ ಆರಂಗುಲದವನೊಬ್ಬ, ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳದೆಯೇ ಅಂಕ ಗಳಿಸಬಲ್ಲವನು, ಎದುರಾಳಿಯ ಒಳ್ಳೆಯ ಗಾರ್ಡನ್ನು ತಡೆಯಬಲ್ಲವನು.

ಈ ಕ್ಲೇಯ ತಂದೆ ಮೈಕಲ್ ಥಾಂಪ್ಸನ್. ಪೋರ್ಟ್‌ಲ್ಯಾಂಡ್ 1978ರಲ್ಲಿ ಎಲ್ಲರಿಗಿಂತ ಮೊದಲು ಆರಿಸಿಕೊಂಡ ಎತ್ತರದ ಆಟಗಾರ. ಬೋವಿ ಬಂದಾಗಲೂ ತಂಡದಲ್ಲೇ ಇದ್ದ. ಮಗ ಎಳೆಯ ವಯಸ್ಸಿನಲ್ಲಿ ಬೆಳೆದದ್ದು ಪೋರ್ಟ್‌ಲ್ಯಾಂಡಿಗೆ ಅಂಟಿಕೊಂಡ ಲೇಕ್ ಆಸ್ವೀಗೋದಲ್ಲಿ.

2019ರ ಮೇ ತಿಂಗಳಲ್ಲಿ ಲಿಲ್ಲರ್ಡ್, ಮೆಕಾಲಂ ಪಶ್ಚಿಮ ವಿಭಾಗದ ಫೈನಲ್ ತನಕ ಬಂದು, ಗೋಲ್ಡನ್ ಸ್ಟೇಟ್ ಎದುರು ನಾಲ್ಕಕ್ಕೆ ನಾಲ್ಕೂ ಸೋತರು. ಕೊನೆಯ ಪಂದ್ಯ ಪೋರ್ಟ್‌ಲ್ಯಾಂಡಿನಲ್ಲೇ, ಹೆಚ್ಚುವರಿ ಸಮಯದಲ್ಲಿ ಎರಡೇ ಅಂಕದ ಸೋಲು. ತಮ್ಮ ಕ್ರೀಡಾಂಗಣದಿಂದಲೇ ಫೋನ್ ಮಾಡಿದ್ದ. ಬಹಳ ಹೊತ್ತು ಜನರ ಸದ್ದಷ್ಟೇ ಕೇಳಿಸಿತು. ಸೋಲಿನ ಮಾತನ್ನು ನಾನೂ ಎತ್ತಲಿಲ್ಲ.

"ಅಣ್ಣಾ," ಎಂದ ಕೊನೆಗೆ, "ಆ ಕ್ಲೇ ಇಲ್ಲೇ ಬೆಳೆದ ಹುಡುಗ ಅಲ್ವಾ?"